ಕಲ್ಪಿತ ಲೋಕದ ಟಿಪ್ಪಣಿಗಳ ವ್ಯವಸ್ಥೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇದರಲ್ಲಿ ಮೇಜಿನ ಸುತ್ತ ಕುಳಿತ ಆಟಗಾರರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಸೂತ್ರಧಾರನು ಅವರು ಸಂಚರಿಸುವ ಲೋಕವನ್ನು ಕಲ್ಪಿಸಿ ಬಾಯಿಮಾತಿನಲ್ಲಿ ವರ್ಣಿಸುತ್ತಾನೆ. ಕಥಾನಕವು ಅನೇಕ ವೇಳೆ ವರ್ಷಗಟ್ಟಲೆ ಬೆಳೆಯುವುದರಿಂದ ಅದಕ್ಕೆ ಬರಹದ ಆಧಾರ ಬೇಕಾಗುತ್ತದೆ.

ಊರು, ಜನ, ಇತಿವೃತ್ತ ಎಂದು ವಿಷಯಾನುಸಾರವಾಗಿ ಟಿಪ್ಪಣಿಗಳನ್ನು ವಿಂಗಡಿಸುವುದು ವಾಡಿಕೆ. ಆದರೆ ಇದಕ್ಕಿಂತ ಮುಖ್ಯವಾದ ವಿಭಾಗವೊಂದುಂಟು: ಆಟಗಾರರಿಗೆ ಹೇಳಿಯಾದದ್ದು ಮತ್ತು ಇನ್ನೂ ಹೇಳದಿರುವುದು. ಹೇಳದಿರುವುದು ಸಂಕಲ್ಪಮಾತ್ರ, ಅದನ್ನು ತಿದ್ದಬಹುದು. ಹೇಳಿಯಾದದ್ದು ಆ ಲೋಕದ ಇತಿಹಾಸ. ಅದನ್ನು ತಿದ್ದುವ ಅಧಿಕಾರ ಸೂತ್ರಧಾರನಿಗೂ ಇಲ್ಲ. ನದಿಗೆ ಸೇತುವೆಯಿಲ್ಲವೆಂದು ಅವನು ಹೇಳಿದ್ದರಿಂದ ಆಟಗಾರರು ಮೂರು ದಿನಗಳ ಬಳಸುದಾರಿಯನ್ನು ಹಿಡಿದರೆನ್ನೋಣ. ಮುಂದೆ ಅಲ್ಲಿಯೇ ಹಳೆಯ ಸೇತುವೆಯೊಂದು ಕಾಣಿಸಿಕೊಂಡರೆ ಅವರ ವಿವೇಚನೆಗೆ ಬೆಲೆಯಿಲ್ಲದಂತಾಗುತ್ತದೆ. ಅವರ ವಿಶ್ವಾಸವೂ ಕುಸಿಯುತ್ತದೆ.

ಆದ್ದರಿಂದ ಪ್ರತಿಯೊಂದು ಊರಿಗೂ ವ್ಯಕ್ತಿಗೂ ಬೇರೆ ಬೇರೆ ಚೀಟಿಯನ್ನಿಟ್ಟು, ಸಂಕಲ್ಪವನ್ನು ಸೀಸದ ಕಡ್ಡಿಯಲ್ಲಿಯೂ ಹೇಳಿಯಾದದ್ದನ್ನು ಶಾಯಿಯಲ್ಲಿಯೂ ಬರೆಯುವುದು ಲೇಸು. ಪ್ರತಿ ಕೂಟದ ಬಳಿಕ, ನೆನಪು ಮಾಸುವ ಮೊದಲೇ, ಅಂದು ಹೇಳಿದ ಅಂಶಗಳನ್ನು ಶಾಯಿಯಲ್ಲಿ ನಮೂದಿಸಬೇಕು. ಕಥೆಯೊಳಗಿನ ದಿನಗಳ ಎಣಿಕೆಗೆ ಪ್ರತ್ಯೇಕ ಪುಟವಿರಲಿ. ಗೈಗ್ಯಾಕ್ಸ್ ಅವರು ೧೯೭೯ರ ‘ಡಂಜನ್ ಮಾಸ್ಟರ್ಸ್ ಗೈಡ್’ ಗ್ರಂಥದಲ್ಲಿ ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಬೇಕೆಂದು ಒತ್ತಿ ಹೇಳಿದ್ದಾರೆ. ಪಾತ್ರಗಳು ಸದ್ಯಕ್ಕೆ ತಲುಪಲಾರದ ದೂರದೇಶಗಳಿಗೆ ಒಂದೆರಡು ಸಾಲುಗಳೇ ಸಾಕು. ಆಟಗಾರರು ಅತ್ತ ಹೊರಟಾಗ ಉಳಿದುದನ್ನು ಬರೆಯಬಹುದು.