ಇನ್ಸುಲಿನ್ ಗಿಡದ ಎಲೆ ತಿಂದರೆ ಮಕ್ಕಳ ಇಂಜೆಕ್ಷನ್ ನಿಲ್ಲಿಸಬಹುದೇ?

“ಮಕ್ಕಳಿಗೆ ಸಕ್ಕರೆ ಕಾಯಿಲೆ ಬರುವುದು ಚಾಕೊಲೇಟ್ ತಿನ್ನುವುದರಿಂದ. ದಿನಾ ಇನ್ಸುಲಿನ್ ಗಿಡದ ಎಲೆ ಅಗಿದರೆ ಇಂಜೆಕ್ಷನ್ ಬೇಕಿಲ್ಲ.” ಈ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಮಗುವಿನ ಜೀವಕ್ಕೇ ಅಪಾಯ. ಏಕೆ ಎಂದು ನೋಡೋಣ.

ಸಿಹಿ ತಿಂದಿದ್ದಕ್ಕೆ ಬಂತೇ?

ಇಲ್ಲ. ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1 ಮಧುಮೇಹ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಆ ದಾಳಿಯ ಗುರುತಾಗಿ ರಕ್ತದಲ್ಲಿ ಸ್ವಯಂ-ಪ್ರತಿಕಾಯಗಳು ಸಿಗುತ್ತವೆ. ಲ್ಯಾಬ್ ವರದಿಯಲ್ಲಿ ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಹೆಸರುಗಳಿದ್ದರೆ ಅವು ಇವೇ. ರೋಗಲಕ್ಷಣ ಶುರುವಾಗುವ ತಿಂಗಳುಗಳ, ಎಷ್ಟೋ ಸಲ ವರ್ಷಗಳ ಮುಂಚೆಯೇ ಇವು ರಕ್ತದಲ್ಲಿರುತ್ತವೆ. ಹಾಗಾಗಿ ಹೋದ ವಾರದ ಹುಟ್ಟುಹಬ್ಬದ ಕೇಕನ್ನು ದೂರುವುದರಲ್ಲಿ ಅರ್ಥವಿಲ್ಲ.

ಪ್ರತಿಕಾಯಗಳು ಸಿಗದಿದ್ದರೆ ಟೈಪ್ 1 ಅಲ್ಲವೇ ಅಲ್ಲ ಎನ್ನಲಾಗದು. ಆಗ ವೈದ್ಯರು ಟೈಪ್ 2 ಅಥವಾ ಒಂದೇ ಜೀನಿನ ದೋಷದಿಂದ ಬರುವ ಮಧುಮೇಹದ ಸಾಧ್ಯತೆಯನ್ನೂ ನೋಡುತ್ತಾರೆ. ಆದರೆ ಈ ವರದಿಗಾಗಿ ಕಾದು ಇನ್ಸುಲಿನ್ ಕೊಡುವುದನ್ನು ತಡಮಾಡುವಂತಿಲ್ಲ.

ಇನ್ಸುಲಿನ್ ಇಲ್ಲದಿದ್ದರೆ ಏನಾಗುತ್ತದೆ?

ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಕೋಶಗಳು ಹಸಿದಿರುತ್ತವೆ. ದೇಹ ಕೊಬ್ಬನ್ನು ಉರಿಸತೊಡಗುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ವಿಪರೀತವಾದಾಗ ರಕ್ತ ಆಮ್ಲೀಯವಾಗುತ್ತದೆ. ಇದೇ ಡಯಾಬಿಟಿಕ್ ಕೀಟೋಆಸಿಡೋಸಿಸ್. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಪರು ಇದರ ಲಕ್ಷಣಗಳು. ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದೂ, ಉಸಿರಾಟದ ತೊಂದರೆಯನ್ನು ನ್ಯುಮೋನಿಯಾ ಎಂದೂ ತಪ್ಪಾಗಿ ತಿಳಿಯುವುದುಂಟು. ಸುಸ್ತಾದ ಮಗುವಿಗೆ ಮನೆಯಲ್ಲಿ ಗ್ಲೂಕೋಸ್ ನೀರು ಕೊಟ್ಟರೆ ಸಕ್ಕರೆ ಇನ್ನೂ ಏರುತ್ತದೆ.

ಎಲೆ ಏನೂ ಮಾಡದೇ?

ಗಿಡದ ಹೆಸರಿನಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿ ಇಲ್ಲ. ಇದ್ದಿದ್ದರೂ ಉಪಯೋಗವಿರಲಿಲ್ಲ: ಇನ್ಸುಲಿನ್ ಒಂದು ಪ್ರೋಟೀನ್, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಅದನ್ನು ಚುಚ್ಚಿ ಕೊಡುವುದು. ನಾಶವಾದ ಬೀಟಾ ಕೋಶಗಳನ್ನು ಎಲೆಯಾಗಲಿ ಹಾಗಲಕಾಯಿಯಾಗಲಿ ಮರಳಿ ತರಲಾರವು.

ಹಾಗಾದರೆ “ನಮ್ಮ ಮಗುವಿಗೆ ವಾಸಿಯಾಯಿತು” ಎನ್ನುವವರು ಸುಳ್ಳು ಹೇಳುತ್ತಾರೆಯೇ? ಹಾಗೇನಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಉಳಿದ ಒಂದಿಷ್ಟು ಬೀಟಾ ಕೋಶಗಳು ಚೇತರಿಸಿಕೊಂಡು, ಕೆಲವು ವಾರ ಅಥವಾ ತಿಂಗಳು ಇನ್ಸುಲಿನ್ ಕಡಿಮೆ ಸಾಕಾಗಬಹುದು. ವೈದ್ಯರು ಇದನ್ನು ‘ಹನಿಮೂನ್’ ಅವಧಿ ಎನ್ನುತ್ತಾರೆ. ಅದೇ ಸಮಯಕ್ಕೆ ಎಲೆ ಕೊಟ್ಟಿದ್ದರೆ ಹೆಸರು ಎಲೆಗೆ ಹೋಗುತ್ತದೆ. ಆದರೆ ಈ ಅವಧಿ ಮುಗಿದೇ ಮುಗಿಯುತ್ತದೆ. 1922ರಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ಈ ಕಾಯಿಲೆಯ ಮಕ್ಕಳು ಉಳಿಯುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಒಂದು ಪೋಸ್ಟರ್ ಮಾಡಿದ ಕೆಲಸ

ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1991ರಿಂದ ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕ್ಲಿನಿಕ್‌ಗಳಲ್ಲಿ ಒಂದು ಪೋಸ್ಟರ್ ಹಾಕಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ವಿಪರೀತ ನೀರು ಕುಡಿದರೆ ಸಕ್ಕರೆ ಪರೀಕ್ಷೆ ಮಾಡಿಸಿ ಎಂಬುದು ಅದರ ಸಾರ. ಹೊಸದಾಗಿ ಮಧುಮೇಹ ಪತ್ತೆಯಾದ ಮಕ್ಕಳಲ್ಲಿ ಕೀಟೋಆಸಿಡೋಸಿಸ್ ಪ್ರಮಾಣ ಅಲ್ಲಿ ಶೇ. 78ರಿಂದ ಶೇ. 12.5ಕ್ಕೆ ಇಳಿಯಿತು.

ನಾವು ಏನು ಮಾಡಬೇಕು?

• ಪದೇ ಪದೇ ಮೂತ್ರ, ಅತಿ ಬಾಯಾರಿಕೆ, ತೂಕ ಇಳಿಕೆ, ಸುಸ್ತು ಕಂಡರೆ ಅದೇ ದಿನ ಬೆರಳು ಚುಚ್ಚಿ ಸಕ್ಕರೆ ಪರೀಕ್ಷೆ ಮಾಡಿಸಿ. ಮರುದಿನ ಖಾಲಿ ಹೊಟ್ಟೆಯಲ್ಲಿ ಮಾಡಿಸೋಣ ಎಂದು ಕಾಯಬೇಡಿ.
• ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ನೇರವಾಗಿ ಆಸ್ಪತ್ರೆಗೆ.
• ವೈದ್ಯರು ಹೇಳದೆ ಇನ್ಸುಲಿನ್ ನಿಲ್ಲಿಸಬೇಡಿ.

ತೀರ್ಮಾನ: ಸಂದೇಶ ಸುಳ್ಳು ಮತ್ತು ಅಪಾಯಕಾರಿ. ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಮೇಲಿನ ಮೂರು ಸಾಲನ್ನು ಕಳಿಸಿ.