ಟೆಂಪರೇಚರ್ ಮುಳ್ಳು ಮೇಲೇಳ್ತಿಲ್ವಾ? ಮೀಟರ್ ಬದಲಿಸೋ ಮುಂಚೆ ಇದನ್ನ ನೋಡಿ

ಮಧುಗಿರಿ: ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು, ಓಮ್ನಿ 2019ರಲ್ಲಿ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಅಂಗಡಿ ಸಾಮಾನು ತರೋಕೆ ಹಳೇ ಗಾಡಿಗಳು ಇನ್ನೂ ಓಡುತ್ತಿವೆ. ಇವುಗಳಲ್ಲಿ ಮಾಮೂಲಿ ತೊಂದರೆ ಅಂದ್ರೆ ಟೆಂಪರೇಚರ್ ಮುಳ್ಳು ‘ಸಿ’ ಬಿಟ್ಟು ಏಳದೇ ಇರೋದು. ‘ಗಾಡಿ ಓಡ್ತಿದೆಯಲ್ಲ, ಬಿಡು’ ಅಂತ ಸುಮ್ಮನಿದ್ದರೆ, ಬೇಸಿಗೆಯಲ್ಲಿ ಲೋಡ್ ಹಾಕಿಕೊಂಡು ಪಾವಗಡ ರಸ್ತೆಯಲ್ಲಿ ಹೋಗುವಾಗ ಎಂಜಿನ್ ಕಾದರೂ ಗೊತ್ತಾಗಲ್ಲ. ಹೆಡ್ ಗ್ಯಾಸ್ಕೆಟ್ ಹೋದರೆ ಖರ್ಚು ದೊಡ್ಡದು.

ದೋಷ ಇರೋದು ಮೂರರಲ್ಲಿ ಒಂದು ಕಡೆ: ಮೀಟರ್, ವೈರ್ ಅಥವಾ ಎಂಜಿನ್ ಮೇಲಿನ ಸೆನ್ಸರ್. ಎಂಜಿನ್ ಬಿಸಿಯಾದಂತೆ ಸೆನ್ಸರ್‌ನ ರೆಸಿಸ್ಟೆನ್ಸ್ ಕಡಿಮೆಯಾಗುತ್ತೆ, ಕರೆಂಟ್ ಹೆಚ್ಚು ಹರಿದು ಮುಳ್ಳು ಏಳುತ್ತೆ. ಪರೀಕ್ಷೆಯೂ ಇದರ ಮೇಲೇ ನಿಂತಿದೆ.

ಪರೀಕ್ಷೆ ಹೀಗೆ:

1. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ನೀರು ನೋಡಿ. ನೀರು ಇಳಿದು ಸೆನ್ಸರ್ ಮುಳುಗದಿದ್ದರೆ ಒಳ್ಳೇ ಮೀಟರೂ ಸುಳ್ಳು ಹೇಳುತ್ತೆ.

2. ಸೆನ್ಸರ್‌ನ ಒಂಟಿ ವೈರ್ ಕಳಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮುಳ್ಳು ‘ಸಿ’ಯಲ್ಲೇ ಇರಬೇಕು. ಏರಿದರೆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗ್ತಿದೆ, ಇಲ್ಲವೇ ಮೀಟರ್ ಕೆಟ್ಟಿದೆ.

3. ಆ ವೈರ್‌ಗೆ 12 ವೋಲ್ಟ್‌ನ ಸಣ್ಣ ಮೀಟರ್ ಬಲ್ಬ್ ಸೇರಿಸಿ, ಬಲ್ಬ್‌ನ ಇನ್ನೊಂದು ತುದಿಯನ್ನು ಎಂಜಿನ್‌ನ ಸ್ವಚ್ಛ ಲೋಹಕ್ಕೆ ಮುಟ್ಟಿಸಿ. ಮುಳ್ಳು ‘ಎಚ್’ ಕಡೆ ಏರತೊಡಗಿದ ಕೂಡಲೇ ತೆಗೆಯಿರಿ.

ಏರಿದರೆ ಮೀಟರ್, ವೈರ್ ಎರಡೂ ಸರಿ ಇವೆ. ಸೆನ್ಸರ್ ಬದಲಿಸಿದರೆ ಸಾಕು. ಏರದಿದ್ದರೆ ಪೆಟ್ರೋಲ್ ಮುಳ್ಳು ನೋಡಿ. ಅದೂ ಸತ್ತಿದ್ದರೆ ಮೊದಲು ಫ್ಯೂಸ್ ನೋಡಿಸಿ. ಅದು ಸರಿ ಇದ್ದರೆ ವೈರ್ ತುಂಡಾಗಿರಬಹುದು, ಮೀಟರ್ ಕೆಟ್ಟಿರಬಹುದು.

ಒಂದು ಎಚ್ಚರ: ಕಂಪ್ಯೂಟರ್ ಇರೋ ಹೊಸ ಗಾಡಿಗಳಲ್ಲಿ, ಎರಡು ವೈರ್ ಇರೋ ಸೆನ್ಸರ್‌ನಲ್ಲಿ ಈ ಪ್ರಯೋಗ ಬೇಡ. ಪೆಟ್ರೋಲ್ ಟ್ಯಾಂಕ್ ಹತ್ತಿರವೂ ಬೇಡ, ಒಂದು ಕಿಡಿ ಸಾಕು.

ಇನ್ನು ಮುಳ್ಳು ‘ಎಚ್’ಗೆ ಹೋದರೆ ‘ಮೀಟರ್ ಕೆಟ್ಟಿರ್ಬೇಕು’ ಅನ್ನಬೇಡಿ. ಮೊದಲು ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬೇಡಿ. ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಮೀಟರ್ ಪರೀಕ್ಷೆ ಆಮೇಲೆ ಮಾಡಿದರಾಯ್ತು.