ಬೆಂಗಳೂರಿಗೆ ಹೋಗೋಣವೇ? ಮನೆಮಂದಿಯೆಲ್ಲ ಕೂತು ಹಾಕುವ ಲೆಕ್ಕ

ನಮ್ಮ ರಾಜ್ಯದ ಯಾವ ಊರಿಗೆ ಹೋಗಿ ಕೇಳಿದರೂ ಮನೆಗೊಬ್ಬ ಮಗನೋ ಮಗಳೋ ಅಳಿಯನೋ ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. 1951ರ ಜನಗಣತಿಯಲ್ಲಿ ಎಂಟು ಲಕ್ಷವೂ ಇರದಿದ್ದ ಊರು ಅದು. 2011ರ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 96 ಲಕ್ಷ ಜನ. ಅಷ್ಟೂ ಜನ ಅಲ್ಲೇ ಹುಟ್ಟಿದವರಲ್ಲ. ಲಕ್ಷಾಂತರ ಕುಟುಂಬಗಳು ಒಂದಲ್ಲ ಒಂದು ದಿನ ಟ್ರಂಕು, ಹಾಸಿಗೆ, ಪಾತ್ರೆ ಪಗಡೆ ಕಟ್ಟಿಕೊಂಡು ಲಾರಿ ಹತ್ತಿ ಬಂದವು. ಹಾಗೆ ಹೊರಡುವ ಮುಂಚೆ ಅಪ್ಪ ಅಮ್ಮ ರಾತ್ರಿ ಊಟವಾದ ಮೇಲೆ ಮೆಲುದನಿಯಲ್ಲಿ ಮಾತಾಡಿಕೊಳ್ಳುವುದು ವಾಡಿಕೆ. ತಾತ ಅಜ್ಜಿಗೆ ಅರ್ಧ ಕೇಳಿಸುತ್ತದೆ. ಮಕ್ಕಳಿಗೆ ತೀರ್ಮಾನವಾದ ಮೇಲೆ ತಿಳಿಯುತ್ತದೆ.

ಇದು ನನಗೆ ಸರಿ ಕಾಣುವುದಿಲ್ಲ. ಮನೆ ಬಿಡುವ ಲೆಕ್ಕವನ್ನು ಮನೆಯಲ್ಲಿರುವವರೆಲ್ಲ ಕೂತು ಹಾಕಬೇಕು. ಕೂಡುವ ಕಳೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೇ ಕೊಡಬಹುದು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ತನ್ನಿ, ಹಾಕಿ ನೋಡೋಣ.

ತಿಪಟೂರಿನ ಹತ್ತಿರದ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಸ್ವಂತ ಮನೆ, ಸ್ವಲ್ಪ ತೆಂಗಿನ ತೋಟ, ಒಂದು ಹಸು. ತಾತ, ಅಜ್ಜಿ, ಅಪ್ಪ, ಅಮ್ಮ, ಏಳನೇ ತರಗತಿಯ ಹುಡುಗಿ. ಅಪ್ಪ ಪೇಟೆಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ತಿಂಗಳಿಗೆ 28,000 ರೂಪಾಯಿ. ಈಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿ 45,000 ಕೊಡುತ್ತೇನೆ ಬಾ ಎನ್ನುತ್ತಿದೆ. ಕುಟುಂಬವೂ ಸಂಬಳವೂ ಉದಾಹರಣೆಗೆ ಹಿಡಿದದ್ದು. ನಿಮ್ಮ ಮನೆಯ ಅಂಕಿಗಳನ್ನು ನೀವು ಹಾಕಿಕೊಳ್ಳಬಹುದು.

ಮೇಲುನೋಟಕ್ಕೆ ತಿಂಗಳಿಗೆ 17,000 ಲಾಭ. ಇಲ್ಲಿಗೇ ಪೆನ್ಸಿಲ್ ಕೆಳಗಿಡುವವರು ಬಹಳ ಮಂದಿ.

ಮೊದಲು ಬಾಡಿಗೆ. ಊರಿನಲ್ಲಿ ಅದು ಸೊನ್ನೆ. ತುಮಕೂರು ಸೀಮೆಯವರು ಸಾಮಾನ್ಯವಾಗಿ ಊರ ದಾರಿಯಲ್ಲೇ ಇರುವ ದಾಸರಹಳ್ಳಿ, ಪೀಣ್ಯದ ಕಡೆ ಮನೆ ಹುಡುಕುತ್ತಾರೆ. ಐದು ಜನ ಇರುವಂಥ ಎರಡು ಕೋಣೆಯ ಮನೆಗೆ 16,000 ಎಂದು ಹಿಡಿಯೋಣ. 45,000ದಲ್ಲಿ 16,000 ಕಳೆದರೆ 29,000. ಹದಿನೇಳು ಸಾವಿರದ ಲಾಭದಲ್ಲಿ ಒಂದು ಸಾವಿರ ಮಾತ್ರ ಕೈಯಲ್ಲಿ ಉಳಿಯಿತು. ಇನ್ನೂ ಬೆಳಗಿನ ಕಾಫಿ ಕುಡಿದಿಲ್ಲ!

ಕಾಫಿಗೆ ಹಾಲು ಬೇಕು. ಇಲ್ಲಿ ಹಸುವಿದೆ, ಅಲ್ಲಿ ಪ್ಯಾಕೆಟ್. ದಿನಕ್ಕೆ ಎರಡು ಲೀಟರ್, ಲೀಟರಿಗೆ 46 ರೂಪಾಯಿಯಂತೆ ತಿಂಗಳಿಗೆ 2,760. ಆಮೇಲೆ ಅಪ್ಪನ ಓಡಾಟ. ದಾಸರಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಮಾರ್ಗಕ್ಕೆ ಬದಲಾಯಿಸಿ ವೈಟ್‌ಫೀಲ್ಡ್ ಸೇರಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಇಷ್ಟು ದೂರಕ್ಕೆ ಆ ಗರಿಷ್ಠ ದರವೇ ಬೀಳುತ್ತದೆ. ಹೋಗಿ ಬರಲು 180, ತಿಂಗಳಿಗೆ 25 ದಿನವಾದರೆ 4,500. ಹುಡುಗಿ ಕಳೆದು ಹೇಳಲಿ: 29,000ದಲ್ಲಿ ಹಾಲು, ಮೆಟ್ರೊ ತೆಗೆದರೆ 21,740. ಊರಿನಲ್ಲಿ 28,000 ಇತ್ತು! ಹಸುವಿನ ಹಿಂಡಿ ಬೂಸಾ, ಅಪ್ಪನ ಬೈಕಿನ ಪೆಟ್ರೋಲು ಉಳಿಯುತ್ತದಲ್ಲ ಎಂದು ತಾತ ಕೇಳಬಹುದು. ನ್ಯಾಯವೇ, ಅದನ್ನೂ ಸೇರಿಸಿ. ಆದರೆ ತರಕಾರಿ, ತೆಂಗಿನಕಾಯಿ, ಕರಿಬೇವು, ಶಾಲೆಯ ವ್ಯಾನು ಎಲ್ಲಕ್ಕೂ ಅಲ್ಲಿ ದುಡ್ಡೇ. ತೋಟದವರ ಮನೆಯಲ್ಲಿ ಅಂಗಡಿಯಿಂದ ತೆಂಗಿನಕಾಯಿ ತರುವುದೆಂದರೆ ಅಜ್ಜಿಗೆ ದುಡ್ಡಿಗಿಂತ ಮಾನದ ಪ್ರಶ್ನೆ.

ಇದೆಲ್ಲ ತಿಂಗಳ ಖರ್ಚಾಯಿತು. ಮೊದಲ ಸಂಬಳ ಕೈಸೇರುವ ಮುಂಚೆಯೇ ಕೊಡಬೇಕಾದ ಅಡ್ವಾನ್ಸ್ ಬೇರೆ ಇದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಸಿಗುತ್ತಾರೆ. ಹತ್ತಾದರೆ ನಮ್ಮ ಲೆಕ್ಕದಲ್ಲಿ 1,60,000, ಆರಾದರೆ 96,000. ಬ್ರೋಕರ್ ಒಂದು ತಿಂಗಳ ಬಾಡಿಗೆ ಕೇಳುತ್ತಾನೆ. ಕರಾರುಪತ್ರ 11 ತಿಂಗಳದ್ದು, ಅದು ಮುಗಿದಾಗ ಬಾಡಿಗೆ ಏರುತ್ತದೆ. ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಹಿಡಿದುಕೊಳ್ಳುವುದೂ ಉಂಟು. ಈ ಹಣಕ್ಕಾಗಿ ಒಡವೆ ಅಡವಿಡಬೇಕಾದರೆ ಅದರ ಬಡ್ಡಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಇನ್ನು ನೀರು. ಬೆಂಗಳೂರಿನಲ್ಲಿ ಮನೆ ನೋಡಲು ಹೋದವರು ಮೊದಲು ಕೇಳುವ ಮಾತು, ‘ಕಾವೇರಿ ನೀರು ಬರುತ್ತಾ, ಬೋರಾ?’ ಎಂದು. ಮಕ್ಕಳೇ, ಇದರ ಹಿಂದೆ ದೊಡ್ಡ ಸಾಹಸವೇ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಾಗಾಗಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ಏರಿಸುತ್ತಾರೆ. ನಲ್ಲಿ ತಿರುಗಿಸಿದಾಗ ಬೀಳುವ ಒಂದು ಚೊಂಬು ನೀರು ಬೆಟ್ಟ ಹತ್ತಿ ಬಂದದ್ದು! 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆದ್ದರಿಂದ ಮನೆ ನೋಡುವುದಾದರೆ ಏಪ್ರಿಲ್ ಮೇ ತಿಂಗಳಲ್ಲಿ ನೋಡಿ. ಮಾಲೀಕರ ಮಾತು ಸಾಲದು, ಪಕ್ಕದ ಮನೆಯ ಹೆಂಗಸರನ್ನು ಕೇಳಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆಂದು ಅವರಿಗೆ ಬಾಯಿಪಾಠ.

ಹಣದ ಪಟ್ಟಿಯಲ್ಲಿ ಬರದ ಖರ್ಚೊಂದಿದೆ, ಹೊತ್ತು. ಅಪ್ಪನಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. 25 ದಿನಕ್ಕೆ 75 ಗಂಟೆ. ಹನ್ನೆರಡು ತಿಂಗಳಿಗೆ 900 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಮೂವತ್ತೇಳೂವರೆ ದಿನ. ವರ್ಷಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಅಪ್ಪ ರೈಲಿನಲ್ಲೇ ಇರುತ್ತಾರೆ!

ಇಷ್ಟಾದರೂ ಜನ ಹೋಗುತ್ತಲೇ ಇದ್ದಾರೆ. ಅವರಿಗೆ ಕೂಡುವ ಕಳೆಯುವ ಲೆಕ್ಕ ಬಾರದೆಂದು ತಿಳಿಯಬೇಡಿ. ಊರಿನಲ್ಲಿ ಮಂಡಿಯ ಕೆಲಸ ಹೋದರೆ ಇನ್ನೊಂದು ಕೆಲಸವಿಲ್ಲ. ಬೆಂಗಳೂರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ಅದೇ ರಸ್ತೆಯಲ್ಲಿ ಇನ್ನೊಂದು ಸಿಕ್ಕೀತು. 28,000 ಹತ್ತು ವರ್ಷದಲ್ಲಿ ಎಷ್ಟಾದೀತು, 45,000 ಎಷ್ಟಾದೀತು ಎಂದೂ ಕೇಳಿಕೊಳ್ಳಬೇಕು. ಅಮ್ಮನ ವಿಷಯವಂತೂ ದೊಡ್ಡದು. ಊರಿನಲ್ಲಿ ಅವಳ ದುಡಿಮೆಗೆ ಸಂಬಳವಿಲ್ಲ, ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ ಹೊಲಿಗೆ, ಗಾರ್ಮೆಂಟ್ಸ್, ಅಂಗಡಿ, ಆಫೀಸು ಎಂದು ಎರಡನೇ ಸಂಬಳ ಬರಬಹುದು. ಶಕ್ತಿ ಯೋಜನೆ ಬಂದಮೇಲೆ, ಅಂದರೆ 2023ರ ಜೂನ್ 11ರಿಂದ, ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡೂ ಇಲ್ಲ. ಆ ಎರಡನೇ ಸಂಬಳವಿಲ್ಲದೆ ನಮ್ಮ ಲೆಕ್ಕ ತಲೆಯೆತ್ತುವುದು ಕಷ್ಟ. ಹಾಗಾಗಿ ‘ನಿನಗೆ ಹೊರಗೆ ದುಡಿಯುವ ಮನಸ್ಸಿದೆಯಾ?’ ಎಂದು ಅಮ್ಮನನ್ನು ಮೊದಲೇ ಕೇಳಬೇಕು, ಹೋದಮೇಲೆ ಕೇಳಿದರೆ ಅದು ಬಲವಂತವಾದೀತು.

ಊರಿನಲ್ಲಿ ‘ಯಾರ ಮಗಳು, ಎಲ್ಲಿಗೆ ಹೊರಟೆ?’ ಎಂದು ಹತ್ತು ಜನ ಕೇಳುತ್ತಾರೆ. ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ. ಎಷ್ಟೋ ಜನಕ್ಕೆ ಅದೇ ದೊಡ್ಡ ಬಿಡುಗಡೆ. ಆದರೆ ಮನೆ ಬಾಡಿಗೆಗೆ ಹೋದಾಗ ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂದು ಕೇಳುವವರು ಆ ಊರಿನಲ್ಲೂ ಇದ್ದಾರೆ.

ಮಕ್ಕಳಿಗೆ ಬೆಂಗಳೂರು ಕೊಡುವುದು ಬಹಳ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ, ಲಾಲ್‌ಬಾಗ್, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ ಮತ್ತು ಬಾಲಭವನ, ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಬೀದಿಯಲ್ಲಿ ಆಡುವ ಮಕ್ಕಳಲ್ಲಿ ಒಬ್ಬ ತಮಿಳು, ಒಬ್ಬಳು ತೆಲುಗು, ಇನ್ನೊಬ್ಬ ಹಿಂದಿ ಮಾತಾಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಹುಡುಗಿಗೆ ಮೂರು ಭಾಷೆ ಕಿವಿಗೆ ಬಿದ್ದಿರುತ್ತದೆ. ಮುಂದೆ ಕಾಲೇಜಿಗೆ ಹಾಸ್ಟೆಲ್ ಖರ್ಚಿಲ್ಲದೆ ಮನೆಯಿಂದಲೇ ಹೋಗಬಹುದು.

ಇದರ ಜೊತೆಗೆ, ಹೊರಡುವ ಅವಸರದಲ್ಲಿ ಪೋಷಕರು ಮರೆತುಬಿಡುವ ಒಂದು ಸಂಗತಿಯಿದೆ. ಸಿಇಟಿ ಮೂಲಕ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟು ಹಂಚುವಾಗ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಅದು ಸಿಗಬೇಕಾದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಹಾಗೆ ಓದಿರಬೇಕು. ನಮ್ಮ ಹುಡುಗಿ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳು ವರ್ಷ ಮುಗಿಸುತ್ತಿದ್ದಾಳೆ. ಈಗ ಬೆಂಗಳೂರಿನ ಇಂಗ್ಲಿಷ್ ಶಾಲೆಯ ಎಂಟನೇ ತರಗತಿಗೆ ಸೇರಿದರೆ ಆ ಏಳು ವರ್ಷವೂ ಈ ಲೆಕ್ಕದಿಂದ ಹೋಯಿತು. ಪಟ್ಟಣದ ಶಾಲೆ ಎಷ್ಟು ಚೆನ್ನಾಗಿದ್ದರೂ ಇದನ್ನು ತೂಗಿ ನೋಡದೆ ವರ್ಗಾವಣೆ ಪತ್ರ ತರಬಾರದು.

ತಾತ, ಅಜ್ಜಿ? ಅವರ ಪಾಲಿಗೆ ಬೆಂಗಳೂರಿನ ದೊಡ್ಡ ಆಕರ್ಷಣೆ ಆಸ್ಪತ್ರೆ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಮೆದುಳು ನರಗಳಿಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೊ, ಎಲ್ಲ ಸರ್ಕಾರದ ಆಸರೆಯಲ್ಲೇ ಇರುವವು. ತಿಂಗಳಿಗೊಮ್ಮೆ ತೋರಿಸಿಕೊಳ್ಳಲೇಬೇಕಾದ ಕಾಯಿಲೆಯಿದ್ದರೆ ಆ ಒಂದು ಕಾರಣವೇ ಸಾಕಾದೀತು. ಆದರೆ ಮಂಡಿ ನೋವಿನ ಅಜ್ಜಿಗೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಸಿಕ್ಕರೆ ಆಸ್ಪತ್ರೆ ಹತ್ತಿರವಿದ್ದೂ ದೂರ. ಊರಿನಲ್ಲಿ ಜಗಲಿಯ ಮೇಲೆ ಕೂತರೆ ಸಾಕು, ಹೋಗುವವರೆಲ್ಲ ಎರಡು ಮಾತಾಡಿಸುತ್ತಾರೆ. ಅಲ್ಲಿ ಪಾರ್ಕಿನವರೆಗೆ ನಡೆಯಬೇಕು. ನಡೆದರೆ ಸ್ನೇಹಿತರು ಸಿಗುತ್ತಾರೆ, ಬೆಳಗಿನ ಹೊತ್ತು ಕಲ್ಲುಬೆಂಚಿನ ಮೇಲೆ ಹಿರಿಯರ ದಂಡೇ ಇರುತ್ತದೆ.

ಹಿರಿಯರು ಬಾಯಿಬಿಟ್ಟು ಕೇಳಬೇಕಾದ ಪ್ರಶ್ನೆಯೊಂದಿದೆ. ಸಂಕೋಚದಿಂದ ಕೇಳುವುದಿಲ್ಲ. ‘ನಮ್ಮನ್ನು ನೋಡಿಕೊಳ್ಳಲು ಕರೆಯುತ್ತಿದ್ದೀರೋ, ಮಗುವನ್ನು ನಾವು ನೋಡಿಕೊಳ್ಳಲಿ ಎಂದೋ?’ ಎರಡರಲ್ಲಿ ಯಾವುದಾದರೂ ತಪ್ಪಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಅಜ್ಜಿಯರ ಬಲದಿಂದಲೇ ನಡೆಯುತ್ತಿವೆ. ಆದರೆ ಅದು ಕೆಲಸವೆಂದು ಎರಡೂ ಕಡೆಯವರಿಗೆ ಮೊದಲೇ ಗೊತ್ತಿರಲಿ. ತೋಟ, ಮನೆ ಮಾರಿ ಅಡ್ವಾನ್ಸಿಗೋ ಸೈಟಿಗೋ ಹಾಕೋಣ ಎಂಬ ಮಾತು ಬಂದರೆ ತಾತ ಗಟ್ಟಿಯಾಗಿ ‘ಈಗಲೇ ಬೇಡ’ ಎನ್ನಲಿ. ಎರಡು ವರ್ಷ ತೋಟವನ್ನು ಗುತ್ತಿಗೆಗೆ ಕೊಟ್ಟು ನೋಡಬಹುದು. ಮಾರಿದ ತೋಟ ಅದೇ ಬೆಲೆಗೆ ವಾಪಸ್ ಬರುವುದಿಲ್ಲ.

ಹೋಗುವುದು, ಬಿಡುವುದು ಎರಡರ ನಡುವೆ ಇನ್ನೊಂದು ದಾರಿಯಿದೆ. ತುಮಕೂರು, ರಾಮನಗರ, ಮಂಡ್ಯದ ಸಾವಿರಾರು ಜನ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಜೆ ಮನೆಗೆ ಬರುತ್ತಾರೆ. ತಿಪಟೂರು ಅದಕ್ಕೆ ಸ್ವಲ್ಪ ದೂರವಾಯಿತು. ಆದರೆ ವಾರಕ್ಕೊಮ್ಮೆ ಬರಲು ದೂರವಲ್ಲ. ಅಪ್ಪನೊಬ್ಬರೇ ಹೋಗಿ ಕಂಪನಿಯ ಹತ್ತಿರವೇ ಪಿ.ಜಿ.ಯಲ್ಲಿ ಇದ್ದರೆ ಊಟ ವಸತಿಗೆ 8,000, ಓಡಾಟಕ್ಕೆ 2,000 ಎಂದು ಹಿಡಿಯಿರಿ. 35,000 ಉಳಿಯುತ್ತದೆ, ಮಂಡಿಯ ಸಂಬಳಕ್ಕಿಂತ 7,000 ಹೆಚ್ಚು. ದೊಡ್ಡ ಅಡ್ವಾನ್ಸ್ ಇಲ್ಲ, ಲಾರಿ ಬಾಡಿಗೆ ಇಲ್ಲ. ಹಸು ಕೊಟ್ಟಿಗೆಯಲ್ಲೇ ಇರುತ್ತದೆ, ಹುಡುಗಿ ಹಳ್ಳಿಯ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. ಆಮೇಲೆ ಪಿಯುಸಿಗೆ ಎಲ್ಲರೂ ಹೋಗುವುದಾದರೆ ಅಷ್ಟರಲ್ಲಿ ಬೆಂಗಳೂರಿನ ಗಲ್ಲಿ ಗಲ್ಲಿಯೂ ಅಪ್ಪನಿಗೆ ತಿಳಿದಿರುತ್ತದೆ.

ನನ್ನನ್ನು ಕೇಳಿದರೆ ಈ ಮನೆಗೆ ಇದೇ ಒಳ್ಳೆಯ ದಾರಿ. ಆದರೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಾಕಿಯಿದೆ. ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೇ ಹೊರಡುವ ಅಪ್ಪ ಮನೆಯಲ್ಲಿ ಪೂರ್ತಿ ಸಿಗುವುದು ಭಾನುವಾರ ಒಂದೇ ದಿನ. ವರ್ಷಕ್ಕೆ 52, ಮೂರು ವರ್ಷಕ್ಕೆ 156 ಭಾನುವಾರ. ಅಷ್ಟು ಸಾಕೇ ಎಂದು ಹುಡುಗಿಯನ್ನೇ ಕೇಳಬೇಕು.